ಕಿಸೆಯಲ್ಲಿ ಉಳಿದ ಕಲ್ಲು

ವಾಷಿಂಗ್ ಮಷೀನಿನೊಳಗೆ ಕಲ್ಲು ತಿರುಗಿದರೆ ಎಂಥ ಸದ್ದು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಮೊದಲು ಯಾರೋ ದೂರದಲ್ಲಿ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ತಟ್ಟುವವನಿಗೆ ಸಿಟ್ಟು ಬರುತ್ತದೆ. ಆಮೇಲೆ ಅವನು ಬಾಗಿಲು ಒಡೆಯಲು ಶುರುಮಾಡುತ್ತಾನೆ. ಮೊನ್ನೆ ಭಾನುವಾರ ಜೋಗೇಶ್ವರಿಯ ನಮ್ಮ ಬಾಡಿಗೆ ಮನೆಯಲ್ಲಿ ಆದದ್ದು ಇದೇ. ಮಗಳು ಪೂಜಾ ಒಳಗಿನಿಂದ ಓಡಿ ಬಂದಳು.

"ಪಪ್ಪಾ! ಮಷೀನ್ ಮೇ ಕ್ಯಾ ಡಾಲಾ ಹೈ? ಬಂದ್ ಕರೋ, ಬಂದ್ ಕರೋ!"

ಬಂದ್ ಮಾಡಿದೆವು. ಆದರೆ ಈ ಮಷೀನಿನ ಬಾಗಿಲು ಕೂಡಲೇ ತೆರೆಯುವುದಿಲ್ಲ. ನೀರು ಇಳಿದು, ಬೀಗ ತಾನಾಗಿ ಬಿಡುವವರೆಗೆ ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿರಬೇಕು. ಕೂತೆವು. ಕೊನೆಗೆ ನನ್ನ ಕಂದು ಪ್ಯಾಂಟಿನ ಕಿಸೆಯಿಂದ ಒಂದು ಬಿಳಿ ಕಲ್ಲು ಹೊರಬಿತ್ತು. ಲಿಂಬೆಹಣ್ಣಿನ ಗಾತ್ರ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಳಿಜಾರಾಗಿ ಸಣ್ಣಗಾದದ್ದು.

ಪೂಜಾ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು, ನಗಲು ಶುರುಮಾಡಿದಳು. ಅವಳು ನಕ್ಕದ್ದರಲ್ಲಿ ತಪ್ಪಿಲ್ಲ. ಬೇರೆ ಯಾರ ಕಿಸೆಯಲ್ಲಿ ಕಲ್ಲು ಉಳಿದಿದ್ದರೂ ಅದು ಮರೆವು. ನನ್ನ ಕಿಸೆಯಲ್ಲಿ ಉಳಿದದ್ದು ನಗುವ ವಿಷಯವೇ. ಏಕೆಂದರೆ ನಾನು ಪ್ರವಾಸಿ ಹಡಗುಗಳ ಲಾಂಡ್ರಿಯಲ್ಲಿ ಕೆಲಸ ಮಾಡುವವನು. ಒಗೆಯುವ ಮೊದಲು ಕಿಸೆ ನೋಡುವುದು ನನ್ನ ಹೊಟ್ಟೆಪಾಡು. ಇಷ್ಟು ವರ್ಷಗಳಲ್ಲಿ ಊರೂರಿನ ಜನರ ಕಿಸೆಗಳಿಂದ ನಾನು ತೆಗೆದಿಟ್ಟ ವಸ್ತುಗಳನ್ನು ಸೇರಿಸಿದ್ದರೆ ಒಂದು ಅಂಗಡಿ ಇಡಬಹುದಿತ್ತು. ಬಾಚಣಿಗೆ, ಲಿಪ್‌ಸ್ಟಿಕ್, ಅರ್ಧ ತಿಂದ ಬಿಸ್ಕತ್ತು, ಒಮ್ಮೆ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು. ಎಲ್ಲಕ್ಕಿಂತ ಕೆಟ್ಟದ್ದು ಪೆನ್ನು. ಒಂದು ಪೆನ್ನು ಉಳಿದರೆ ಅಡುಗೆಯವರ ಬಿಳಿ ಕೋಟುಗಳೆಲ್ಲ ಆಕಾಶದ ಬಣ್ಣಕ್ಕೆ ತಿರುಗುತ್ತವೆ. ಇಂಥ ಸುದ್ದಿಗಳನ್ನು ಫೋನಿನಲ್ಲಿ ಹೇಳಿದಾಗ ನನ್ನ ಹೆಂಡತಿ ಸುಮಿತ್ರಾ ಬಿದ್ದು ಬಿದ್ದು ನಗುತ್ತಿದ್ದಳು. ಹಲ್ಲಿನ ಸೆಟ್ಟಿನ ಕತೆಯನ್ನು ಮಾತ್ರ ಅವಳು ಪೂರ್ತಿ ಕೇಳಿಸಿಕೊಂಡಿರಲಿಲ್ಲ. "ಅಲ್ರೀ, ಪಾಪ, ಅವತ್ತ ಅಂವ ಊಟ ಹೆಂಗ ಮಾಡಿದಾ?" ಎಂದು ನಡುವೆಯೇ ಕೇಳಿದ್ದಳು.

ಅವಳ ಪ್ರಶ್ನೆಗಳು ಹೀಗೇ ಇರುತ್ತಿದ್ದವು. ನಾನು ಹಡಗು ಎಷ್ಟು ಅಂತಸ್ತಿನದು ಎಂದು ಹೇಳಿದರೆ ಅವಳು ಕಸ ಎಲ್ಲಿ ಹಾಕುತ್ತಾರೆ ಎಂದು ಕೇಳುತ್ತಿದ್ದಳು. ಈಗ ಕೇಳುವವರಿಲ್ಲ. ಅವಳು ತೀರಿಕೊಂಡು ಎರಡನೆಯ ಮಳೆಗಾಲ ಇದು.

ಪೂಜಾ ಕಲ್ಲನ್ನು ಒರೆಸಿ ಮೇಜಿನ ಮೇಲಿಟ್ಟಳು. "ಇದು ಎಲ್ಲಿದು, ಪಪ್ಪಾ?"

ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ನೀವೂ ಬನ್ನಿ.

ಸುಮಿತ್ರಾಳ ತವರು ಧಾರವಾಡದ ಕಡೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದವರು ನೋಡಿರುತ್ತೀರಿ, ದಾರಿಯ ಪಕ್ಕದಲ್ಲಿ ಸಣ್ಣ ಸಣ್ಣ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಮನೆ ಕಟ್ಟಿರುತ್ತಾರೆ. ಸ್ವಂತ ಮನೆ ಆಗಲಿ ಎಂದು ದೇವರಿಗೆ ತಿಳಿಸುವ ರೀತಿ ಅದು. ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಅವಳು ಎರಡು ಕಲ್ಲು ಕೆಳಗಿಟ್ಟಳು. ಮೂರನೆಯದನ್ನು ನನ್ನ ಕೈಗೆ ಕೊಟ್ಟಳು.

"ಮ್ಯಾಲಿಂದು ನೀವ ಇಡ್ರಿ. ಇಬ್ಬರೂ ಬೇಡಿಕೊಂಡ್ರ ಮನಿ ಇಬ್ಬರ ಹೆಸರಲೇ ಆಗ್ತದ."

ಆಗ ನಾವಿದ್ದದ್ದು ಜೋಗೇಶ್ವರಿಯ ಒಂದು ಚಾಳಿನಲ್ಲಿ, ಒಂದು ಖೋಲಿಯಲ್ಲಿ. ಅಲ್ಲಿಂದ ಮುಂದೆ ಎಲ್ಲಿ ಹೋದರೂ, ಕಲ್ಲು ಕಂಡರೆ ಸಾಕು, ಅವಳು ಕೂತುಬಿಡುತ್ತಿದ್ದಳು. ಮೇಲಿನದನ್ನು ಮಾತ್ರ ನನ್ನ ಕೈಗೇ ಕೊಡುತ್ತಿದ್ದಳು. ಕಾನ್ಹೇರಿ ಗುಹೆಗಳಿಗೆ ಹೋದಾಗ ಬುದ್ಧನನ್ನು ನಾನು ನೋಡಿದೆ, ಅವಳು ಹೊರಗೆ ಮನೆ ಕಟ್ಟಿದಳು. ಘಾರಾಪುರಿಯಲ್ಲಿ ಮಂಗಗಳು ಅವಳ ಕೈಯ ಜೋಳದ ತೆನೆ ಕಸಿದುಕೊಂಡರೂ ಅವಳು ಕಲ್ಲು ಬಿಡಲಿಲ್ಲ. ಮಾರ್ವೆಯ ಕಡಲ ದಂಡೆಯಲ್ಲಿ ಕಟ್ಟಿದ್ದನ್ನು ನಮ್ಮ ಕಣ್ಣೆದುರಿಗೇ ತೆರೆ ಎಳೆದುಕೊಂಡು ಹೋಯಿತು. ನಾನು ನಕ್ಕೆ. ಅವಳು, "ನಗಬ್ಯಾಡ್ರಿ. ನಮ್ಮ ಅರ್ಜಿ ತಗೊಂಡ್ ಹೋತು, ಮುಂದ ಎಲ್ಲಿ ಮುಟ್ಟಸ್ಬೇಕೋ ಅಲ್ಲಿ ಮುಟ್ಟಸ್ತದ," ಎಂದಳು. ವರ್ಷ ಕಳೆದಂತೆ ಅವಳ ಕಲ್ಲಿನ ಮನೆಗಳೂ ದೊಡ್ಡವಾದವು. ಪೂಜಾ ಹುಟ್ಟಿದ ಮೇಲೆ ಪಕ್ಕಕ್ಕೊಂದು ಕಲ್ಲು ಹೆಚ್ಚಾಯಿತು, ಅಡುಗೆ ಮನೆ ಬೇರೆ ಇರಲಿ ಎಂದು. ಆಮೇಲೆ ಬಟ್ಟೆ ಒಣಹಾಕಲು ಬಾಲ್ಕನಿ. ದೇವರು ಸರಿಯಾಗಿ ಓದಿಕೊಳ್ಳಲಿ ಎಂದು ಅವಳು ಬಾಲ್ಕನಿಯ ಕಲ್ಲನ್ನು ಸ್ವಲ್ಪ ಮುಂದಕ್ಕೆ ಚಾಚಿ ಇಡುತ್ತಿದ್ದಳು.

ಮನೆಗೆ ಇಷ್ಟೊಂದು ಹಂಬಲಿಸಿದವಳು ಚಾಳನ್ನು ಬೈಯುತ್ತಿದ್ದಳು ಎಂದುಕೊಳ್ಳಬೇಡಿ. ಬೆಳಗಿನ ನೀರು ಬರುವ ಹೊತ್ತಿಗೆ ತೆರೆದ ನಮ್ಮ ಬಾಗಿಲು ಮಲಗುವವರೆಗೆ ಹಾಕುತ್ತಿರಲಿಲ್ಲ. ಮುಚ್ಚಿಕೊಳ್ಳದ ಹಾಗೆ ಒಡೆದ ಒರಳಿನ ತುಂಡೊಂದನ್ನು ಅವಳು ಬಾಗಿಲಿಗೆ ಅಡ್ಡ ಇಡುತ್ತಿದ್ದಳು. ಹೋಗುವ ಬರುವವರೆಲ್ಲ ಒಂದು ಮಾತು ಒಳಗೆ ಎಸೆದೇ ಹೋಗಬೇಕು. ಹೆಚ್ಚಾಗಿ ಅದು ನೀರಿನ ಮಾತು. ನೀರು ಬಂತೇ, ಬರುತ್ತದೆಯೇ, ಯಾರ ಬಕೆಟ್ಟು ಮುಂದೆ, ಯಾರದು ಹಿಂದೆ. ಯಾವ ಹೊಸ ಜಾಗದ ಬಗ್ಗೆ ಹೇಳಿದರೂ ಸುಮಿತ್ರಾ ಮೊದಲು ಕೇಳುತ್ತಿದ್ದದ್ದು ನೀರಿನ ಬಗ್ಗೆಯೇ.

ನಮ್ಮ ಹಡಗು ಕೊಝುಮೆಲ್ ಎಂಬ ದ್ವೀಪದ ಬಳಿ ಆಗಾಗ ನಿಲ್ಲುತ್ತದೆ. ಮೆಕ್ಸಿಕೋ ದೇಶದ್ದು. ನೀಲಿ ಎಂದರೆ ಅಷ್ಟು ನೀಲಿ ಸಮುದ್ರ. ನಾನು ಒಮ್ಮೆ ಅಲ್ಲಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಚಿತ್ರವೊಂದನ್ನು ತಂದಿದ್ದೆ. ಅದರಲ್ಲಿ ಒಂದು ಕಲ್ಲಿನ ಕಮಾನು, ಅದರ ಕೆಳಗೆ ಓತಿಕ್ಯಾತದ ದೊಡ್ಡಣ್ಣನಂಥ ಒಂದು ಪ್ರಾಣಿ.

"ಈ ಮನಿ ಯಾರದು?" ಎಂದಳು ಸುಮಿತ್ರಾ.

"ಹಳೇ ಕಾಲದ ಮಾಯಾ ಜನರದು. ಈಗ ಬಿದ್ದುಹೋಗಿದೆ."

"ನೀವ್ ನೋಡೀರೇನು?"

"ಇಲ್ಲ."

ನಿಜ ಹೇಳಬೇಕೆಂದರೆ ಆ ದ್ವೀಪದಲ್ಲಿ ನಾನು ನೋಡಿದ್ದು ಬಂದರಿನ ಬಳಿಯ ಒಂದು ಅಂಗಡಿಯನ್ನು ಮಾತ್ರ. ಅಲ್ಲಿ ವೈಫೈ ಚೆನ್ನಾಗಿತ್ತು. ಬಿಡುವು ಸಿಗುವ ಒಂದೆರಡು ತಾಸು ಅಲ್ಲಿ ಕೂತು ಮನೆಗೆ ಫೋನು ಮಾಡುವುದು, ಹಡಗಿಗೆ ಮರಳುವುದು.

"ಅಷ್ಟು ದೂರ ಹೋಗಿ ಫೋನ್ ಹಚ್ಕೊಂಡು ಕೂತು ಬರ್ತೀರಿ! ಆ ಮಂದಿ ಕುಡಿಯೂ ನೀರು ಎಲ್ಲಿಂದ ತರ್ತಿದ್ರು? ಸುತ್ತ ಉಪ್ಪಿನ ಸಮುದ್ರ ಅಂತೀರಿ. ಮುಂದಿನ ಸಲ ಕೇಳ್ಕೊಂಡ್ ಬರ್ರಿ."

ಕೇಳಿಕೊಂಡು ಬರುತ್ತೇನೆ ಎಂದೆ. ಆ ನಡುವೆ ಚಾಳು ಕೆಡವಿದರು, ಅದೇ ಜಾಗದಲ್ಲಿ ಚಾಳಿನವರಿಗೆಲ್ಲ ಫ್ಲ್ಯಾಟು ಕೊಡುವ ಬಿಲ್ಡಿಂಗ್ ಏಳತೊಡಗಿತು, ಅಲ್ಲಿಯವರೆಗೆಂದು ನಾವು ಬಾಡಿಗೆ ಮನೆಗೆ ಬಂದೆವು. ಬಿಲ್ಡಿಂಗ್ ಏಳುವುದನ್ನು ಅವಳು ರಿಕ್ಷಾ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದಳು. ಆಮೇಲೆ ಅವಳಿಗೆ ಹುಷಾರು ತಪ್ಪಿತು. ನಾನು ಹಡಗಿನಿಂದ ಬಂದು, ಸಯನ್ನಿನ ಆಸ್ಪತ್ರೆಗೆ ಓಡಾಡುತ್ತ ಅವಳ ಜೊತೆಗಿದ್ದೆ. ಬಸ್ಸಿನ ಕಿಟಕಿಯಿಂದಲೂ ಕಟ್ಟುತ್ತಿದ್ದ ಬಿಲ್ಡಿಂಗುಗಳನ್ನೇ ಅವಳು ನೋಡುತ್ತಿದ್ದಳು. ಅವಳು ಹೋದ ಕೆಲವು ತಿಂಗಳಿಗೆ ನಮ್ಮ ಫ್ಲ್ಯಾಟಿನ ಕೀಲಿ ಕೈಗೆ ಬಂತು. ಅಡುಗೆ ಮನೆ ಬೇರೆ. ಬಾಲ್ಕನಿಯೂ ಉಂಟು.

ಕೀಲಿ ಸಿಕ್ಕ ದಿನ ನಾನು ಮತ್ತು ಪೂಜಾ ಹೋಗಿ ಬಾಗಿಲು ತೆರೆದೆವು. ದೀಪ ಹಚ್ಚಿ, ಕೀಲಿಯನ್ನು ಅಡುಗೆ ಕಟ್ಟೆಯ ಮೇಲಿಟ್ಟು, ಲಿಫ್ಟ್ ಎಲ್ಲಿದೆ ನೋಡೋಣವೆಂದು ಹೊರಗೆ ಬಂದೆವು. ಅಷ್ಟು ಎತ್ತರದಲ್ಲಿ ಗಾಳಿ ಜೋರು ಎಂಬುದು ಚಾಳಿನವರಾದ ನಮಗೆ ಹೇಗೆ ಗೊತ್ತಿರಬೇಕು? ತಾನಾಗಿ ಬೀಗ ಬೀಳುವ ಬಾಗಿಲೂ ನಮಗೆ ಹೊಸದೇ. ಢಂ ಎಂದು ಮುಚ್ಚಿಕೊಂಡಿತು. ಕೀಲಿ ಒಳಗೆ, ದೀಪ ಒಳಗೆ, ನಮ್ಮ ಚಪ್ಪಲಿಯೂ ಒಳಗೆ. ಸಾಲಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಯಾರೂ ಇಣುಕಿ ನೋಡಲಿಲ್ಲ. ಬರಿಗಾಲಿನಲ್ಲಿ ಕೆಳಗಿಳಿದು, ಕೀಲಿ ಮಾಡುವವನನ್ನು ಕರೆತಂದು ಬಾಗಿಲು ತೆಗೆಸುವಷ್ಟರಲ್ಲಿ ದೀಪ ಆರಿತ್ತು.

ಪೂಜಾ ಅದನ್ನು ಗೆಳತಿಯರಿಗೆ ತಮಾಷೆಯಾಗಿ ಹೇಳಿದಳು. ನನಗೆ ತಮಾಷೆ ಎನಿಸಲಿಲ್ಲ. ಬೇಡಿಕೊಂಡವಳು ಹೋದಳು, ಬೇಡದವನನ್ನು ಮನೆಯೇ ಹೊರಗೆ ಹಾಕಿತು ಎಂದು ಮನಸ್ಸಿಗೆ ಹತ್ತಿತು. ಅಂದಿನಿಂದ ಕೀಲಿ ಬಾಡಿಗೆ ಮನೆಯ ಮೊಳೆಗೆ ನೇತಾಡುತ್ತಿತ್ತು. ನಾನು ಮತ್ತೆ ಹಡಗಿಗೆ ಹೋದೆ. "ಪಪ್ಪಾ, ಶಿಫ್ಟ್ ಕಬ್ ಕರೇಂಗೇ?" ಎಂದು ಪೂಜಾ ಫೋನಿನಲ್ಲಿ ಕೇಳಿದಾಗಲೆಲ್ಲ, "ನಾ ಬಂದ್ ಮ್ಯಾಲೆ ನೋಡೋಣು," ಎನ್ನುತ್ತಿದ್ದೆ. ಬಂದ ಮೇಲೂ ನೋಡುವ ಮನಸ್ಸಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಈ ಸಲ ಹಡಗು ಕೊಝುಮೆಲ್‌ನಲ್ಲಿ ನಿಂತಾಗ ನಾನು ಅಂಗಡಿಯ ಕಡೆಗೆ ಹೋಗಲಿಲ್ಲ. ಪೂಜಾ ಆ ಹೊತ್ತಿಗೆ ನಿದ್ರೆಯಲ್ಲಿರುತ್ತಾಳೆ, ಸುಮಿತ್ರಾಳ ಹಾಗೆ ಎದ್ದು ಕಾಯುವವರಿಲ್ಲ. ಲಾಂಡ್ರಿಯಲ್ಲಿ ನನ್ನ ಜೊತೆಗಿರುವ ಜಯಂತ ಉಡುಪಿಯ ಕಡೆಯವನು. ಮಾಯಾ ಜನರ ಊರು ನೋಡಿಬರೋಣ ಬಾ ಎಂದರೆ ಕಣ್ಣು ಬಿಟ್ಟ.

"ಎಂತ ಮಾರಾಯ್ರೆ, ಕಲ್ಲು ನೋಡ್ಲಿಕ್ಕೆ ಟಿಕೇಟು ತೆಗೆದು ಹೋಗುದಾ? ನಮ್ಮ ಊರಿನ ಕಲ್ಲುಗಳಿಗೆ ಬೇಸರ ಆಗುದಿಲ್ವಾ?"

ನಾನೊಬ್ಬನೇ ಟ್ಯಾಕ್ಸಿ ಹಿಡಿದೆ. ದ್ವೀಪದ ನಡುವೆ, ಕುರುಚಲು ಕಾಡಿನೊಳಗೆ ಆ ಹಾಳು ಊರು. ನಾನು ಆಕಾಶಕ್ಕೆ ಮುಟ್ಟುವ ಗೋಪುರ ಇರಬಹುದು ಎಂದುಕೊಂಡಿದ್ದೆ. ಇಲ್ಲ. ಎಲ್ಲವೂ ಗಿಡ್ಡ. ಕೆಲವು ಕೋಣೆಗಳು ನಮ್ಮ ಚಾಳಿನ ಖೋಲಿಗಿಂತ ಚಿಕ್ಕವು. ಒಳಗೆ ಹೋಗಬೇಕಾದರೆ ತಲೆ ಬಗ್ಗಿಸಲೇಬೇಕಾದಷ್ಟು ತಗ್ಗಿನ ಬಾಗಿಲುಗಳು. ಬಾಗಿಲುಗಳು ಎಂದೆನಲ್ಲ, ಚೌಕಟ್ಟು ಮಾತ್ರ. ಕದ ಒಂದಕ್ಕೂ ಇಲ್ಲ. ಗಾಳಿ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೋಗುತ್ತಿತ್ತು. ಒಂದು ಹೊಸ್ತಿಲಿನ ಮೇಲೆ ಫ್ರಿಜ್ಜಿನ ಚಿತ್ರದ ಅದೇ ಪ್ರಾಣಿ, ಇಗ್ವಾನ, ಬಿಸಿಲಿಗೆ ಮೈ ಕಾಯಿಸುತ್ತ ಮಲಗಿತ್ತು. ಬಾಗಿಲು ಬಡಿಯದ ಹಾಗೆ ಯಾರೋ ಅಡ್ಡ ಇಟ್ಟು ಹೋದಂತೆ. ಒಂದು ಗೋಡೆಯ ಮೇಲೆ ಕೆಂಪು ಬಣ್ಣದ ಅಂಗೈ ಗುರುತುಗಳಿದ್ದವು. ಬಹಳ ಮಾಸಿದ್ದವು, ಆದರೆ ಕೈಗಳೇ. ಯಾರ ಕೈ? ಮನೆಯವರದೋ, ಗಾರೆಯವರದೋ? ಹೆಂಗಸರದೋ? ಹೀಗೆಲ್ಲ ಕೇಳುವುದು ನನ್ನ ಸ್ವಭಾವವಲ್ಲ. ಅವಳ ಅಭ್ಯಾಸ ನನಗೆ ಹತ್ತಿತ್ತು. ಅಲ್ಲಿ ಅದು ನನ್ನನ್ನು ಒಂದು ಕಡೆ ನಿಲ್ಲಗೊಡಲಿಲ್ಲ. ಒಲೆ ಎಲ್ಲಿತ್ತು, ಮಳೆ ಬಂದರೆ ನೀರು ಯಾವ ಕಡೆ ಹರಿಯುತ್ತಿತ್ತು, ಪಕ್ಕದ ಮನೆಯವರ ಮಾತು ಕೇಳಿಸುತ್ತಿತ್ತೇ ಎಂದು ಗೋಡೆ ಗೋಡೆ ಸುತ್ತಿದೆ.

ಸುತ್ತಿ ದಣಿದು ಒಂದು ಮರದ ನೆರಳಿಗೆ ಕೂತೆ. ಕಾಲ ಬಳಿ ಬಿಳಿ ಕಲ್ಲುಗಳು ಬಿದ್ದಿದ್ದವು. ಎರಡನ್ನು ಪಕ್ಕ ಪಕ್ಕ ಇಟ್ಟೆ. ಮೂರನೆಯದನ್ನು ಮೇಲಿಟ್ಟೆ. ಅಡುಗೆ ಮನೆಯ ಕಲ್ಲಿಗೆ ಕೈ ಚಾಚಿದ್ದೆ, ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು.

ಹುಲ್ಲಿನ ಟೊಪ್ಪಿಗೆ ಹಾಕಿದ ಒಬ್ಬ ಮುದುಕ, ಅಲ್ಲಿನ ಕಾವಲುಗಾರ, ದಡದಡ ಬರುತ್ತಿದ್ದ. ನನ್ನ ಸ್ಪ್ಯಾನಿಷ್ ಹಡಗಿನ ಲಾಂಡ್ರಿಯಲ್ಲಿ ಕಲಿತದ್ದು. ಒದ್ದೆ, ಒಣ, ಬಿಳಿ, ಬಣ್ಣ, ಕಿಸೆ, ಇಸ್ತ್ರಿ. ಇವುಗಳ ಜೊತೆಗೆ ಮನೆ, ನೀರು, ಹೆಂಡತಿ ಎಂಬಂಥ ಕೆಲವು ಮಾತುಗಳು. ಅವನಿಗೆ ಪ್ರವಾಸಿಗಳಿಂದ ಬಂದ ತುಂಡು ಇಂಗ್ಲಿಷ್. ಎರಡನ್ನೂ ಸೇರಿಸಿ, ಉಳಿದದ್ದನ್ನು ಕೈಯಲ್ಲಿ ತೋರಿಸಿ ನಮ್ಮ ಮಾತು ನಡೆಯಿತು.

ಮುಟ್ಟಬಾರದು ಎಂದ. ಇಲ್ಲಿನ ಒಂದೊಂದು ಕಲ್ಲೂ ಗೋಡೆಯದೋ ಮೆಟ್ಟಿಲಿನದೋ ಆಗಿರಬಹುದು. ನಾಳೆ ಓದಿದವರು ಬಂದು ಇದನ್ನು ನೋಡಿ, ಮಾಯಾ ಜನರು ಇಷ್ಟು ಚಿಕ್ಕ ಮನೆಯನ್ನೂ ಕಟ್ಟುತ್ತಿದ್ದರು ಎಂದು ಬರೆದುಬಿಟ್ಟರೆ?

ನಾನು ಕೈಮುಗಿದೆ. ಇದು ನಮ್ಮ ಕಡೆಯ ಪದ್ಧತಿ, ಮನೆ ಬೇಕೆಂದು ಬೇಡುವುದು ಎಂದು ತಿಳಿಸಿದೆ. ಅವನ ಸಿಟ್ಟು ಇಳಿಯಿತು. ಟೊಪ್ಪಿಗೆ ತೆಗೆದು ನಕ್ಕ. ತಪ್ಪು ಜಾಗಕ್ಕೆ ಬಂದಿದ್ದೀಯ ಎಂದ. ಇಲ್ಲಿನ ದೇವಿ ಚಂದ್ರನ ದೇವಿ. ಹಿಂದೆ ಹೆಂಗಸರು ದೋಣಿಯಲ್ಲಿ ಸಮುದ್ರ ದಾಟಿ ಬಂದು ಅವಳಿಗೆ ನಡೆದುಕೊಳ್ಳುತ್ತಿದ್ದರಂತೆ. ಅವಳು ಮಕ್ಕಳನ್ನು ಕೊಡುತ್ತಾಳೆ, ಮನೆಯನ್ನಲ್ಲ. ನಿನ್ನ ಹೆಂಡತಿಯನ್ನು ಕಳಿಸಬೇಕಿತ್ತು.

ಹೆಂಡತಿ ಇಲ್ಲ, ತೀರಿಕೊಂಡಳು ಎಂದೆ.

ಅವನು ಟೊಪ್ಪಿಗೆಯನ್ನು ಎದೆಗೆ ಒತ್ತಿಕೊಂಡ. ಆಮೇಲೆ, ನಿನಗೆ ಮನೆ ಇಲ್ಲವೇ ಎಂದು ಕೇಳಿದ.

ಇದೆ ಎಂದೆ. ಹೊಸದು.

ಇದೆಯಲ್ಲ, ಮತ್ತೆ ಏನು ಬೇಡುತ್ತಿದ್ದೀಯ?

ನಾನು ಆ ಮೂರು ಕಲ್ಲುಗಳನ್ನೇ ನೋಡಿದೆ. ಮೂರನೆಯ ಕಲ್ಲನ್ನು ನಾನೇ ಇಟ್ಟು ರೂಢಿ, ಅಷ್ಟೇ. ಕೆಳಗಿನ ಎರಡನ್ನು ಇಟ್ಟದ್ದು ಅದೇ ಮೊದಲು ಎಂದು ಆಗ ಹೊಳೆಯಿತು.

ಅವನು ಕನಿಕರಪಟ್ಟು ಆ ಕಲ್ಲುಗಳನ್ನು ಹಾಗೇ ಬಿಡುತ್ತಾನೆ ಎಂದುಕೊಂಡಿದ್ದೆ. ಬಿಡಲಿಲ್ಲ. ಎಲ್ಲೆಲ್ಲಿಂದ ತೆಗೆದೆಯೋ ಅಲ್ಲಲ್ಲಿಯೇ ಇಡು ಎಂದ. ನನಗೆ ನೆನಪಿರಲಿಲ್ಲ. ನಾವಿಬ್ಬರು ವಯಸ್ಸಾದವರು ನೆಲದ ಮೇಲೆ ಬಗ್ಗಿ, ಕಲ್ಲು ಎದ್ದ ಹಸಿ ಮಣ್ಣಿನ ಗುರುತು ಎಲ್ಲಿದೆ ಎಂದು ಹುಡುಕಿದೆವು. ಕಲ್ಲು ಇಟ್ಟು ನೋಡುವುದು, ಅವನು ಅಲ್ಲ ಎಂದು ತಲೆಯಾಡಿಸುವುದು, ಮತ್ತೆ ಎತ್ತುವುದು. ಅಡುಗೆಯವರ ಕೋಟು ಯಾರ ಯಾರದು ಎಂದು ಬೇರ್ಪಡಿಸಿದ್ದಕ್ಕಿಂತ ಅದು ಕಷ್ಟವಾಯಿತು.

ಎದ್ದು ಕೈ ಕೊಡವಿಕೊಂಡ ಮೇಲೆ, ಬಂದ ಕೆಲಸ ನೆನಪಾಗಿ, "ಆಗ್ವಾ?" ಎಂದು ನೀರಿನ ಬಗ್ಗೆ ಕೇಳಿದೆ. ಅವನು ತನ್ನ ಬಾಟಲಿ ಮುಂದೆ ಹಿಡಿದ. ನನಗಲ್ಲ, ಇವರಿಗೆ ಎಂದು ಗೋಡೆಗಳನ್ನು ತೋರಿಸಿದೆ. ಅವನಿಗೆ ಖುಷಿಯಾಯಿತು. ಕಾಡಿನೊಳಗೆ ಸ್ವಲ್ಪ ನಡೆಸಿಕೊಂಡು ಹೋಗಿ ಒಂದು ಬಾವಿ ತೋರಿಸಿದ. ಬಾವಿ ಎಂದರೆ ನೆಲದಲ್ಲಿ ಬಾಯಿ ತೆರೆದ ಬಂಡೆ, ಆಳದಲ್ಲಿ ಕಪ್ಪು ನೀರು. ಉಪ್ಪೇ ಎಂದು ಕೇಳಿದೆ. ಅಲ್ಲ, ಸಿಹಿ. ಮಳೆಯ ನೀರು ಸುಣ್ಣದ ಕಲ್ಲಿನೊಳಗೆ ಇಳಿದು ಕೆಳಗೆ ನಿಲ್ಲುತ್ತದಂತೆ. ನಾನು ಬಗ್ಗಿ ಬಹಳ ಹೊತ್ತು ನೋಡಿದೆ. ಅವಳ ಪ್ರಶ್ನೆಗೆ ಉತ್ತರ ಅಲ್ಲಿ ಕೆಳಗಿತ್ತು. ಹೇಳಲು ಯಾರಿಗೂ ಫೋನು ಮಾಡುವಂತಿರಲಿಲ್ಲ.

ಹೊರಡುವಾಗ ಮುದುಕ ಗೇಟಿನವರೆಗೆ ಬಂದ. ಹೊರಗೆ ರಸ್ತೆ ರಿಪೇರಿಗೆಂದು ಕಲ್ಲಿನ ಗುಡ್ಡೆ ಹಾಕಿದ್ದರು. ಅದನ್ನು ತೋರಿಸಿ, ಇಲ್ಲಿ ಎಷ್ಟು ಬೇಕಾದರೂ ಕಟ್ಟು, ಇದು ಯಾರ ಮನೆಯದೂ ಅಲ್ಲ ಎಂದ. ನಾನು ಕಟ್ಟಲಿಲ್ಲ. ಒಂದು ಕಲ್ಲನ್ನು ಮಾತ್ರ ಆರಿಸಿ ಕಿಸೆಗೆ ಹಾಕಿಕೊಂಡೆ. ಏಕೆ ಎಂದು ಅವನು ಕೇಳಲಿಲ್ಲ.

ಇಷ್ಟನ್ನೂ ಪೂಜಾಳಿಗೆ ಹೇಳಿ ಮುಗಿಸಿದಾಗ ಮಷೀನಿನೊಳಗಿನ ಬಟ್ಟೆಗಳು ಒದ್ದೆಯಾಗಿಯೇ ಮುದ್ದೆಯಾಗಿ ಬಿದ್ದಿದ್ದವು. ಅವಳಿಗೆ ಕನ್ನಡ ತಡೆದು ತಡೆದು ಬರುತ್ತದೆ, ಆದರೆ ಪೂರ್ತಿ ಕೇಳಿಸಿಕೊಂಡಳು. ಕಲ್ಲನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಎದ್ದು ಹೋಗಿ ಮೊಳೆಯಿಂದ ಕೀಲಿ ತೆಗೆದುಕೊಂಡು ಬಂದಳು.

"ಚಲೋ ಪಪ್ಪಾ. ಬರೇ ನೋಡ್ಕೊಂಡು ಬರೋಣ. ಈ ಸಲ ಚಾವಿ ನನ್ ಹತ್ರ ಇರ್ತದೆ."

"ಬಟ್ಟೆ ಒಣಹಾಕಬೇಕು."

"ಅಲ್ಲಿ ಬಾಲ್ಕನಿ ಇದೆಯಲ್ಲ," ಎಂದಳು.

ಕಲ್ಲನ್ನು ನಾನು ಮತ್ತೆ ಕಿಸೆಗೆ ಹಾಕಿಕೊಂಡೆ. ಒದ್ದೆ ಬಟ್ಟೆಗಳನ್ನು ಬಕೆಟ್ಟಿಗೆ ತುಂಬಿ ರಿಕ್ಷಾ ಹತ್ತಿದೆವು. ಹೊಸ ಮನೆಗೆ ಜನ ಹಾಲು ಒಯ್ಯುತ್ತಾರೆ, ನಾವು ಒಗೆದ ಪ್ಯಾಂಟು ಒಯ್ದೆವು. ರಿಕ್ಷಾದವನು ಬಕೆಟ್ಟಿನಿಂದ ನೀರು ಸೋರುತ್ತದೆ ಎಂದು ದಾರಿಯುದ್ದಕ್ಕೂ ಗೊಣಗಿದ.

ಬೀಗ ತೆಗೆದದ್ದೇ ಗಾಳಿ ಬಾಲ್ಕನಿಯ ಕಡೆಯಿಂದ ನುಗ್ಗಿ ಬಂತು. ಬಾಗಿಲು ನನ್ನ ಬೆನ್ನ ಹಿಂದೆ ಬೀಸಿಕೊಂಡು ಹೊರಟಿತು. ನಾನು ಯೋಚಿಸಲಿಲ್ಲ. ಕಿಸೆಯಿಂದ ಕಲ್ಲು ತೆಗೆದು, ಅದರ ಸಣ್ಣ ತುದಿಯನ್ನು ಬಾಗಿಲಿನ ಕೆಳಗೆ ತುರುಕಿದೆ. ಬಾಗಿಲು ಒಮ್ಮೆ ನಡುಗಿ ಅಲ್ಲೇ ನಿಂತಿತು. ಪೂಜಾ ಬಾಲ್ಕನಿಯಲ್ಲಿ ನನ್ನ ಪ್ಯಾಂಟನ್ನು ಕೊಡವುತ್ತಿದ್ದಳು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಮನೆ ಖಾಲಿ. ಬಣ್ಣದ ವಾಸನೆ. ಅಡುಗೆ ಕಟ್ಟೆಯ ಮೇಲೆ ಆ ದಿನದ ದೀಪದ ಎಣ್ಣೆಯ ಕಲೆ ಇನ್ನೂ ಇತ್ತು.

ಹೊರಗೆ ಫ್ಲ್ಯಾಟುಗಳ ಸಾಲಿನಲ್ಲಿ ಚಪ್ಪಲಿಯ ಸದ್ದಾಯಿತು. ನಮ್ಮ ಬಾಗಿಲಿನ ಮುಂದೆ ಬಂದು ನಿಂತಿತು. ಸೊಂಟಕ್ಕೆ ಸೆರಗು ಸಿಕ್ಕಿಸಿದ ಒಬ್ಬ ಹೆಂಗಸು ತಲೆ ಒಳಗೆ ಹಾಕಿ ನೋಡಿದಳು. ಎದುರಿನ ಫ್ಲ್ಯಾಟಿನವಳಂತೆ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ದಾದಾ, ತುಮ್ಚ್ಯಾಕಡೆ ಪಾಣೀ ಯೇತಂಯ ಕಾ?"

ನಿಮ್ಮಲ್ಲಿ ನೀರು ಬರುತ್ತಿದೆಯೇ.

ನಾನು ತಕ್ಷಣ ಎದ್ದೆ. ನನ್ನ ಮನೆಯ ನೀರಿನ ವಿಷಯ ನನಗೆ ಗೊತ್ತಿರಲಿಲ್ಲ. ನೋಡಿಯೇ ಇರಲಿಲ್ಲ. "ಥಾಂಬಾ, ಬಘತೋ," ನಿಲ್ಲಿ, ನೋಡುತ್ತೇನೆ ಎಂದು ಅಡುಗೆ ಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ಮೊದಲು ಗಾಳಿ ಕೆಮ್ಮಿತು. ಆಮೇಲೆ ತುಕ್ಕಿನ ಬಣ್ಣದ ನೀರು ಬಂತು. ಅದು ತಿಳಿಯಾಗುವವರೆಗೆ ಕೈಯನ್ನು ಕೆಳಗೆ ಹಿಡಿದುಕೊಂಡೇ ನಿಂತೆ. ಹೆಂಗಸು ಬಾಗಿಲಲ್ಲಿ ಕಾಯುತ್ತಿದ್ದಳು.

"ಬರ್ತಾ ಇದೆ," ಎಂದು ಕನ್ನಡದಲ್ಲೇ ಕೂಗಿ ಹೇಳಿದೆ.